ಎಕ್ಸ್‌ರೇ: ಎಲ್ಲಿ ಹೆದರಬೇಕು, ಎಲ್ಲಿ ಹೆದರಬೇಕಿಲ್ಲ

ಒಮ್ಮೆ ಶೇಂಗಾ ಕೀಳುವ ಕಾಲದಲ್ಲಿ ನಮ್ಮ ಚಿಕ್ಕಮ್ಮ ಹೊಲದ ಬದುವಿನಲ್ಲಿ ಜಾರಿ ಕೈಯೂರಿ ಬಿದ್ದರು. ಮುಂಗೈ ಬಾತುಕೊಂಡಿತು. ಎಕ್ಸ್‌ರೇ ಬೇಡವೇ ಬೇಡ ಎಂದು ಹನ್ನೊಂದು ದಿನ ಅರಿಶಿನ, ಸುಣ್ಣ ಹಚ್ಚಿಕೊಂಡು ಕೂತರು. ಕೊನೆಗೆ ತೆಗೆಸಿದಾಗ ಮುರಿದ ಮೂಳೆ ಆಗಲೇ ಸೊಟ್ಟಗೆ ಕೂಡಿಕೊಳ್ಳತೊಡಗಿತ್ತು. ಅದೇ ವರ್ಷ, ಅದೇ ಮನೆಯ ಹುಡುಗ ಎರಡು ದಿನದ ತಲೆನೋವಿಗೆ, ಡಾಕ್ಟರು ಬೇಡವೆಂದರೂ ಹಟ ಹಿಡಿದು ತಲೆಯ ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬಂದ. ಮುಂಗೈ ಎಕ್ಸ್‌ರೇಯ ವಿಕಿರಣ ಒಂದು ಪಾಲಾದರೆ ತಲೆಯ ಸಿಟಿಯದು ಸುಮಾರು ಎರಡು ಸಾವಿರ ಪಾಲು. ಒಂದು ಪಾಲಿಗೆ ಮನೆಮಂದಿಯೆಲ್ಲ ಹೆದರಿದೆವು. ಎರಡು ಸಾವಿರ ಪಾಲಿಗೆ ಯಾರೂ ಹೆದರಲಿಲ್ಲ.

ನಮ್ಮ ದೇವಸಮುದ್ರ ಹೋಬಳಿಯಲ್ಲಿ ಇದು ಒಂದು ಮನೆಯ ಕಥೆಯಲ್ಲ. ಮೊಳಕಾಲ್ಮೂರಿಗೋ ಚಳ್ಳಕೆರೆಗೋ ಬಳ್ಳಾರಿಗೋ ಆಸ್ಪತ್ರೆಗೆ ಹೊರಟವರು ಬಸ್ಸು ಹತ್ತುವ ಮೊದಲೇ ಹತ್ತು ಜನರ ಹತ್ತು ಮಾತು ಕೇಳಿರುತ್ತಾರೆ. ನಾವೂ ಆ ಮಾತುಗಳನ್ನು ನಂಬಿದವರೇ, ನಾಲ್ಕು ಜನರಿಗೆ ಹೇಳಿದವರೇ. ತಕ್ಕಡಿಯಿಲ್ಲದೆ ಶೇಂಗಾ ಮಾರುವುದಿಲ್ಲ ನಾವು, ಆದರೆ ವಿಕಿರಣದ ಭಯವನ್ನು ಮಾತ್ರ ತೂಗಿ ನೋಡದೆಯೇ ಕೊಂಡುಕೊಂಡಿದ್ದೇವೆ.

ಆದ್ದರಿಂದ ಮೊದಲು ತಕ್ಕಡಿ. ವಿಕಿರಣದಿಂದ ದೇಹಕ್ಕೆ ಆಗಬಹುದಾದ ಹಾನಿಯನ್ನು ಅಳೆಯುವ ಮಾನಕ್ಕೆ ಮಿಲಿಸೀವರ್ಟ್ ಎನ್ನುತ್ತಾರೆ. ಯಾವ ಆಸ್ಪತ್ರೆಗೂ ಹೋಗದೆ, ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಇದರಲ್ಲಿ ಅರ್ಧದಷ್ಟು ನೆಲದಿಂದ ಹೊಮ್ಮುವ ರೇಡಾನ್ ಎಂಬ ಅನಿಲದ್ದು. ಉಳಿದದ್ದು ಆಕಾಶದಿಂದ, ಮಣ್ಣು ಬಂಡೆಗಳಿಂದ, ತಿನ್ನುವ ಅನ್ನದಿಂದ ಬರುವುದು. ನಮ್ಮ ಸೀಮೆಯ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಬಂಡೆಗಳಲ್ಲೂ ಅತ್ಯಲ್ಪ ಯುರೇನಿಯಂ, ಥೋರಿಯಂ ಇರುತ್ತದೆ. ನಮ್ಮ ಶೇಂಗಾದಲ್ಲಿ, ರಾಗಿಯಲ್ಲಿ, ನಮ್ಮ ಮಾಂಸಖಂಡಗಳಲ್ಲೇ ಇರುವ ಪೊಟ್ಯಾಸಿಯಂನ ಒಂದು ಸಣ್ಣ ಅಂಶ ವಿಕಿರಣ ಸೂಸುವಂಥದ್ದು. ಈ 2.4 ಅನ್ನು ಕೈಯಲ್ಲಿಟ್ಟುಕೊಂಡು ಒಂದೊಂದೇ ಮಾತನ್ನು ತೂಗೋಣ.

ತಪ್ಪು ಕಲ್ಪನೆ 1: ಎಕ್ಸ್‌ರೇ ತೆಗೆಸಿದರೆ ಕ್ಯಾನ್ಸರ್ ಬರುತ್ತದೆ.

ವಾಸ್ತವ: ಹೆಚ್ಚು ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ ಎನ್ನುವುದು ನಿಜ. ಹಿರೋಶಿಮಾ, ನಾಗಸಾಕಿಯ ಅಣುಬಾಂಬಿನಿಂದ ಬದುಕುಳಿದವರ ದಶಕಗಳ ಅಧ್ಯಯನ ಅದನ್ನು ತೋರಿಸಿದೆ. ಸುಳ್ಳು ಇರುವುದು ಪ್ರಮಾಣದಲ್ಲಿ.

ಎದೆಯ ಒಂದು ಎಕ್ಸ್‌ರೇ ಸಾಮಾನ್ಯವಾಗಿ 0.02 ಮಿಲಿಸೀವರ್ಟ್. ಅಂದರೆ ಮೂರು ದಿನ ಬದುಕಿದ್ದಕ್ಕೆ ತಗಲುವಷ್ಟು. ಯಂತ್ರ ಹಳೆಯದಾಗಿದ್ದು 0.1 ಆದರೂ ಹದಿನೈದು ದಿನದ ಲೆಕ್ಕ. ಹಲ್ಲಿನದು 0.005. ಕೈಕಾಲಿನದು 0.001, ನಾಲ್ಕು ಗಂಟೆಯಷ್ಟೂ ಅಲ್ಲ. ಸೊಂಟದ ಬೆನ್ನುಮೂಳೆಯದು ಮಾತ್ರ ದೊಡ್ಡದು: ಸುಮಾರು 1.5, ಏಳೆಂಟು ತಿಂಗಳ ಲೆಕ್ಕ. ಎಕ್ಸ್‌ರೇ ಎಂಬ ಒಂದೇ ಹೆಸರಿನ ಕೆಳಗೆ ಇಷ್ಟು ಅಂತರವಿದೆ.

10 ಮಿಲಿಸೀವರ್ಟ್‌ನಿಂದ ಪ್ರಾಣಕ್ಕೆ ಕುತ್ತಾಗುವ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಎರಡು ಸಾವಿರದಲ್ಲಿ ಒಂದು ಎಂದು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ದೊಡ್ಡ ಪ್ರಮಾಣದ ಅನುಭವವನ್ನು ಸಣ್ಣ ಪ್ರಮಾಣಕ್ಕೆ ಇಳಿಸಿ ಮಾಡಿದ, ಎಚ್ಚರಿಕೆಯ ಕಡೆಗೆ ವಾಲಿದ ಅಂದಾಜು ಇದು. ಅದೇ ಲೆಕ್ಕ ಹಿಡಿದರೆ ಎದೆಯ ಒಂದು ಎಕ್ಸ್‌ರೇಯಿಂದ ಹತ್ತು ಲಕ್ಷದಲ್ಲಿ ಒಂದು. ಯಾವ ಎಕ್ಸ್‌ರೇಯೂ ತೆಗೆಸದೆ ಹೋದರೂ ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಂಭವವಿದೆ.

ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಥೋರಿಯಂ ಹೆಚ್ಚು. ಅಲ್ಲಿಯ ಕೆಲವರಿಗೆ ನಮಗಿಂತ ಹಲವು ಪಟ್ಟು ವಿಕಿರಣ ಹುಟ್ಟಿದಾಗಿನಿಂದ ತಗಲುತ್ತಿದೆ. ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ.

ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ಸುಮಾರು 43 ಮಂದಿ, ಎದೆಯ ಎಕ್ಸ್‌ರೇ ತೆಗೆಯದೆ ಇದ್ದಿದ್ದರೆ ಸಿಕ್ಕುತ್ತಲೇ ಇರಲಿಲ್ಲ. ಮೂರು ದಿನದ ವಿಕಿರಣಕ್ಕೆ ಹೆದರಿ ಕ್ಷಯವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡಿಬರದು.

ತಪ್ಪು ಕಲ್ಪನೆ 2: ಎಕ್ಸ್‌ರೇ ಮೈಯಲ್ಲಿ ಉಳಿದು ಹೀಟ್ ಮಾಡುತ್ತದೆ, ಎಳನೀರು, ಮಜ್ಜಿಗೆ ಕುಡಿದು ತೆಗೆಯಬೇಕು.

ವಾಸ್ತವ: ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ. ಎಕ್ಸ್‌ರೇಯೂ ಹಾಗೆಯೇ. ಯಂತ್ರ ಕಿರಣ ಬಿಡುವ ಆ ಒಂದು ಕ್ಷಣ ಮಾತ್ರ ಅದು ಇರುತ್ತದೆ, ಸ್ವಿಚ್ಚು ನಿಂತರೆ ಮುಗಿಯಿತು. ದೇಹದಲ್ಲಾಗಲಿ, ಬಟ್ಟೆಯಲ್ಲಾಗಲಿ, ಮನೆಗೆ ತಂದ ಫಿಲಂನಲ್ಲಾಗಲಿ ವಿಕಿರಣ ಉಳಿದಿರುವುದಿಲ್ಲ. ಎಕ್ಸ್‌ರೇ ತೆಗೆಸಿ ಬಂದ ತಾಯಿ ಆ ಕ್ಷಣವೇ ಮಗುವಿಗೆ ಹಾಲು ಕುಡಿಸಬಹುದು. ಮೈ ಬಿಸಿಯಾಗುವುದೂ ಇಲ್ಲ. ಎಳನೀರು ನಮ್ಮ ಬಿಸಿಲಿಗೆ ಒಳ್ಳೆಯದು, ಕುಡಿಯಿರಿ. ಅದಕ್ಕೆ ಎಕ್ಸ್‌ರೇಯ ನೆಪ ಬೇಕಿಲ್ಲ.

ತಪ್ಪು ಕಲ್ಪನೆ 3: ಎಕ್ಸ್‌ರೇಯೂ ಕರೆಂಟ್ ಕೊಡುವುದೂ ಒಂದೇ.

ವಾಸ್ತವ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ ಬಂದವರು ಕರೆಂಟ್ ಕೊಟ್ಟರು ಎಂದಾಗ ಅದು ವಿಕಿರಣ ಚಿಕಿತ್ಸೆ. ಅವರ ಕೂದಲು ಉದುರಿದ್ದನ್ನು, ಚರ್ಮ ಕಪ್ಪಾದದ್ದನ್ನು ನೋಡಿದವರಿಗೆ ವಿಕಿರಣ ಎಂಬ ಮಾತೇ ಭಯ ಹುಟ್ಟಿಸುವುದು ಸಹಜ. ಆದರೆ ಎರಡರ ಕೆಲಸ ಬೇರೆ. ಚಿಕಿತ್ಸೆಯಲ್ಲಿ ವಿಕಿರಣದ ಕೆಲಸ ಗಡ್ಡೆಯನ್ನು ಕೊಲ್ಲುವುದು. ಅದಕ್ಕಾಗಿ ಗಡ್ಡೆಗೆ ದಿನಕ್ಕೆ ಸುಮಾರು 2000 ಮಿಲಿಗ್ರೇಯಂತೆ ಹಲವು ವಾರ ಕೊಡುತ್ತಾರೆ. ಮಿಲಿಗ್ರೇ ಎಂದರೆ ದೇಹದ ಆ ಭಾಗ ಹೀರಿಕೊಂಡ ವಿಕಿರಣದ ಅಳತೆ. ಎಕ್ಸ್‌ರೇಯ ಕೆಲಸ ಕೇವಲ ನೆರಳು ಹಿಡಿಯುವುದು. ಎದೆಯ ಚಿತ್ರಕ್ಕೆ ಒಂದು ಮಿಲಿಗ್ರೇಯೂ ಬೇಕಾಗುವುದಿಲ್ಲ. ಒಲೆಯ ಬೆಂಕಿಯೂ ಹಣತೆಯ ಕುಡಿಯೂ ಬೆಂಕಿಯೇ, ಹಾಗೆಂದು ಹಣತೆಯಲ್ಲಿ ಅನ್ನ ಬೇಯುವುದಿಲ್ಲ.

ಇದರಿಂದಲೇ ಇನ್ನೊಂದು ತಪ್ಪೂ ಹುಟ್ಟಿದೆ: ಎಕ್ಸ್‌ರೇ ತೆಗೆಸಿದರೆ ನೋವು ಕಡಿಮೆಯಾಗುತ್ತದೆ ಎಂಬುದು. ಆಗುವುದಿಲ್ಲ. ಅದು ನೋಡುತ್ತದೆ, ವಾಸಿ ಮಾಡುವುದಿಲ್ಲ.

ತಪ್ಪು ಕಲ್ಪನೆ 4: ಸ್ಕ್ಯಾನಿಂಗ್ ಎಲ್ಲ ಒಂದೇ, ದೊಡ್ಡದು ಮಾಡಿಸಿದಷ್ಟೂ ಒಳ್ಳೆಯದು.

ವಾಸ್ತವ: ನಮ್ಮ ಮಾತಿನಲ್ಲಿ ಸ್ಕ್ಯಾನಿಂಗ್ ಎಂಬ ಒಂದೇ ಪದ ಮೂರು ಬೇರೆ ಬೇರೆ ಯಂತ್ರಗಳಿಗೆ ಅಂಟಿಕೊಂಡಿದೆ. ಬಸುರಿಯರ ಹೊಟ್ಟೆಗೆ ಅಂಟು ಹಚ್ಚಿ ನೋಡುವ ಅಲ್ಟ್ರಾಸೌಂಡ್ ಶಬ್ದದಿಂದ ನೋಡುತ್ತದೆ. ಗಡಗಡ ಸದ್ದು ಮಾಡುವ ಉದ್ದ ಕೊಳವೆಯ ಎಂಆರ್‌ಐ ಅಯಸ್ಕಾಂತದಿಂದ ನೋಡುತ್ತದೆ. ಇವೆರಡರಲ್ಲೂ ಎಕ್ಸ್‌ರೇ ಇಲ್ಲವೇ ಇಲ್ಲ. ಸಿಟಿ ಸ್ಕ್ಯಾನ್ ಮಾತ್ರ ಎಕ್ಸ್‌ರೇಯದೇ. ದೇಹದ ಸುತ್ತ ಸುತ್ತುತ್ತಾ ಎಲ್ಲ ಕೋನದಿಂದ ಚಿತ್ರ ತೆಗೆಯುತ್ತದೆ. ಹಾಗಾಗಿ ತಲೆಯ ಸಿಟಿ ಸುಮಾರು 2 ಮಿಲಿಸೀವರ್ಟ್, ಎದೆಯದು 7, ಹೊಟ್ಟೆಯದು 8ರಿಂದ 10.

ಕೊರೊನಾ ಎರಡನೇ ಅಲೆಯಲ್ಲಿ ಸಣ್ಣ ಕೆಮ್ಮಿಗೂ ಎದೆಯ ಸಿಟಿಗೆ ಸಾಲುಗಟ್ಟಿದ್ದು ನೆನಪಿದೆಯಲ್ಲವೇ? 2021ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಒಂದು ಸಿಟಿ 300ರಿಂದ 400 ಎದೆಯ ಎಕ್ಸ್‌ರೇಗೆ ಸಮ ಎಂದು ಎಚ್ಚರಿಸಿದರು. ರೇಡಿಯಾಲಜಿ ವೈದ್ಯರ ಸಂಘ ಒಪ್ಪಲಿಲ್ಲ. ಹೊಸ ಯಂತ್ರಗಳಲ್ಲಿ ಬಹಳ ಕಡಿಮೆ ವಿಕಿರಣದಲ್ಲೂ ಸಿಟಿ ಮಾಡಬಹುದು ಎಂದಿತು. ಎರಡೂ ಮಾತಿನಲ್ಲಿ ಸತ್ಯವಿದೆ. ಸಾಮಾನ್ಯ ಸಿಟಿಯನ್ನು ಲೆಕ್ಕ ಹಾಕಿದರೆ ಮುನ್ನೂರು ಚಿಲ್ಲರೆ ಬರುತ್ತದೆ, ಹೊಸ ಯಂತ್ರದಲ್ಲಿ ಮನಸ್ಸಿಟ್ಟು ಮಾಡಿದರೆ ಅದು ತುಂಬಾ ಇಳಿಯುತ್ತದೆ. ಸಿಟಿ ಶತ್ರುವಲ್ಲ. ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದವನಿಗೆ ತಲೆಯ ಸಿಟಿ ಪ್ರಾಣ ಉಳಿಸುತ್ತದೆ. ಅದೇ ಸಿಟಿಯನ್ನು ಎರಡು ದಿನದ ತಲೆನೋವಿಗೆ ನಾವಾಗಿ ಕೇಳಿ ಪಡೆಯುವುದು ತಪ್ಪು.

ತಪ್ಪು ಕಲ್ಪನೆ 5: ಗರ್ಭಿಣಿಗೆ ಎಕ್ಸ್‌ರೇ ತೆಗೆದರೆ ಮಗು ಅಂಗವಿಕಲವಾಗುತ್ತದೆ, ಗೊತ್ತಿಲ್ಲದೆ ತೆಗೆಸಿದ್ದರೆ ಗರ್ಭ ತೆಗೆಸಬೇಕು.

ವಾಸ್ತವ: ಈ ಭಯಕ್ಕೆ ಬೇರಿದೆ. 1950ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೂವರ್ಟ್, ಬಸುರಿಯರ ಹೊಟ್ಟೆಯ ಎಕ್ಸ್‌ರೇ ತೆಗೆದಲ್ಲಿ ಹುಟ್ಟಿದ ಮಕ್ಕಳಿಗೆ ಕ್ಯಾನ್ಸರ್ ಹೆಚ್ಚಾಗಿ ಬಂದದ್ದನ್ನು ಪತ್ತೆ ಮಾಡಿದರು. ಮೊದಮೊದಲು ಅವರನ್ನು ನಂಬಿದವರು ಕಡಿಮೆ. ಕ್ರಮೇಣ ಆ ಪದ್ಧತಿ ನಿಂತಿತು, ಅದರ ಜಾಗಕ್ಕೆ ಅಲ್ಟ್ರಾಸೌಂಡ್ ಬಂತು. ಆದ್ದರಿಂದ ಮುಟ್ಟು ನಿಂತಿದ್ದರೆ, ಅನುಮಾನವಿದ್ದರೂ ಸಾಕು, ಎಕ್ಸ್‌ರೇಗೆ ಮುಂಚೆ ಹೇಳಲೇಬೇಕು. ಸಂಕೋಚ ಬೇಡ.

ಆದರೆ ಯಾವ ಜಾಗದ ಎಕ್ಸ್‌ರೇ ಎಂಬುದು ಮುಖ್ಯ. ಹಲ್ಲು, ಕೈಕಾಲು, ಎದೆಯ ಚಿತ್ರ ತೆಗೆದಾಗ ಕಿರಣ ಗರ್ಭದ ಮೇಲೆ ನೇರವಾಗಿ ಬೀಳುವುದೇ ಇಲ್ಲ. ಎದೆಯ ಎಕ್ಸ್‌ರೇಯಿಂದ ಭ್ರೂಣಕ್ಕೆ ತಲುಪುವುದು 0.01 ಮಿಲಿಗ್ರೇಗಿಂತ ಕಡಿಮೆ. ಭ್ರೂಣದ ಬೆಳವಣಿಗೆಗೆ ಪೆಟ್ಟಾಗಲು 100 ಮಿಲಿಗ್ರೇಯಷ್ಟಾದರೂ ಬೇಕು. ಅದಕ್ಕಿಂತ ಕಡಿಮೆ ತಗಲಿದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸುವುದು ಸರಿಯಲ್ಲ ಎಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2000ದಲ್ಲೇ ಸ್ಪಷ್ಟವಾಗಿ ಹೇಳಿದೆ. ಗೊತ್ತಿಲ್ಲದೆ ತೆಗೆಸಿದ ಒಂದು ಎದೆಯ ಎಕ್ಸ್‌ರೇಗಾಗಿ ಯಾವ ಹೆಣ್ಣುಮಗಳೂ ಬೇಕಾದ ಮಗುವನ್ನು ಕಳೆದುಕೊಳ್ಳಬಾರದು. ಡಾಕ್ಟರ ಬಳಿ ಹೋಗಿ, ತಗಲಿದ್ದು ಎಷ್ಟು ಎಂದು ಲೆಕ್ಕ ಹಾಕಿಸಿ.

ತಪ್ಪು ಕಲ್ಪನೆ 6: ಸೊಂಟದ ಎಕ್ಸ್‌ರೇ ತೆಗೆಸಿದರೆ ಮುಂದೆ ಮಕ್ಕಳಾಗುವುದಿಲ್ಲ.

ವಾಸ್ತವ: ಗಂಡಸರ ವೀರ್ಯಾಣು ತಾತ್ಕಾಲಿಕವಾಗಿ ಕುಗ್ಗಬೇಕಾದರೂ ವೃಷಣಕ್ಕೆ ಒಮ್ಮೆಗೆ 150 ಮಿಲಿಗ್ರೇಯಷ್ಟು ತಗಲಬೇಕು. ಸೊಂಟದ ಎಕ್ಸ್‌ರೇ ಅದರ ಹತ್ತಿರವೂ ಬರುವುದಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕಿದವರಿಗೆ ನಂತರ ಹುಟ್ಟಿದ ಮಕ್ಕಳನ್ನು ಅಷ್ಟೊಂದು ವರ್ಷ ಪರೀಕ್ಷಿಸಿದರೂ ತಂದೆತಾಯಿಗೆ ತಗಲಿದ ವಿಕಿರಣದಿಂದ ವಂಶಪಾರಂಪರ್ಯ ದೋಷ ಹೆಚ್ಚಿದ್ದು ಕಂಡುಬಂದಿಲ್ಲ. ಮಕ್ಕಳಾಗದ್ದಕ್ಕೆ ಹಳೆಯ ಎಕ್ಸ್‌ರೇಯನ್ನು ಹೊಣೆ ಮಾಡಿ ಕೂತರೆ ನಿಜವಾದ ಕಾರಣ ಹುಡುಕುವ ವರ್ಷಗಳು ಕಳೆದುಹೋಗುತ್ತವೆ.

ತಪ್ಪು ಕಲ್ಪನೆ 7: ಎಕ್ಸ್‌ರೇ ತೆಗೆಯುವವರೇ ಗೋಡೆಯ ಹಿಂದೆ ಓಡುತ್ತಾರೆ ಎಂದಮೇಲೆ ನಮಗೆ ಅಪಾಯ ಇದ್ದೇ ಇದೆ.

ವಾಸ್ತವ: ಇದನ್ನು ಕಂಡು ನಾವೂ ಅನುಮಾನಪಟ್ಟವರು. ಆದರೆ ಯೋಚಿಸಿ. ನಾವು ವರ್ಷಕ್ಕೆ ಒಮ್ಮೆ ಆ ಕೋಣೆಗೆ ಹೋಗುತ್ತೇವೆ, ಅವರು ದಿನಕ್ಕೆ ಹತ್ತಾರು ಬಾರಿ, ನಿವೃತ್ತಿಯವರೆಗೆ. ಚೆದುರಿ ಬರುವ ಕಿರಣ ಒಮ್ಮೆಗೆ ಏನೂ ಅಲ್ಲ, ಮೂವತ್ತು ವರ್ಷ ಕೂಡಿದರೆ ದೊಡ್ಡ ಮೊತ್ತ. ಅಲ್ಲದೆ ಆ ಚಿತ್ರದಿಂದ ಲಾಭ ನಮಗೆ, ಅವರಿಗೇನೂ ಇಲ್ಲ. ಅದಕ್ಕೇ ಅವರು ಮರೆಗೆ ಹೋಗುತ್ತಾರೆ, ಹೋಗಲೇಬೇಕು.

ಅವರ ಎದೆಯ ಮೇಲೆ ಒಂದು ಸಣ್ಣ ಬ್ಯಾಡ್ಜ್ ಇರುತ್ತದೆ. ಟಿಎಲ್‌ಡಿ ಎನ್ನುವ ಆ ಬ್ಯಾಡ್ಜ್‌ನೊಳಗಿನ ಬಿಲ್ಲೆಗಳು ತಗಲಿದ ವಿಕಿರಣವನ್ನು ನೆನಪಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಓದಿಸುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಎಕ್ಸ್‌ರೇ ಯಂತ್ರ ಇಡಲೂ ಈ ಮಂಡಳಿಯ ಪರವಾನಗಿ ಬೇಕು. ಗೋಡೆಯ ದಪ್ಪಕ್ಕೂ ಬಾಗಿಲಿನ ಸೀಸದ ತಗಡಿಗೂ ಲೆಕ್ಕವಿದೆ.

ಈ ಭಾರತೀಯ ಬ್ಯಾಡ್ಜ್ ರೂಪಿಸಿದ್ದು ಭಾಭಾ ಅಣು ಸಂಶೋಧನಾ ಕೇಂದ್ರ. ಆ ಹೆಸರು ನಮಗೆ ಹೊಸದಲ್ಲ. ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಅದಕ್ಕೆ ಜಮೀನು ಕೊಟ್ಟಂದಿನಿಂದ ವಿಕಿರಣದ ಮಾತು ನಮ್ಮ ಕಟ್ಟೆಗಳಲ್ಲಿ ನಡೆದೇ ಇದೆ. ಕಾವಲಿನ ಬಗ್ಗೆ, ಅಲ್ಲಿಯ ಕೆಲಸದ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ನಮಗಿದೆ, ಅದನ್ನು ಸಂಬಂಧಪಟ್ಟವರಿಗೇ ಕೇಳೋಣ. ಆ ಅನುಮಾನವನ್ನು ತಂದು ಆಸ್ಪತ್ರೆಯ ಎಕ್ಸ್‌ರೇ ಮೇಲೆ ಹಾಕುವುದು ಬೇಡ.

ಎಕ್ಸ್‌ರೇ ಕೋಣೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಬೇರೆಯೇ ಇದೆ. ಒಬ್ಬರ ಎಕ್ಸ್‌ರೇಗೆ ನಾಲ್ಕು ಜನ ಒಳಗೆ ನುಗ್ಗುತ್ತೇವೆ, ಕಂಕುಳಲ್ಲಿ ಕೂಸು ಬೇರೆ. ಬಾಗಿಲ ಮೇಲೆ ಕೆಂಪು ದೀಪ ಹತ್ತಿದ್ದರೂ ತಳ್ಳಿ ಇಣುಕುತ್ತೇವೆ. ಚಿತ್ರ ಬೇಕಾದವರು ಮಾತ್ರ ಒಳಗಿರಬೇಕು. ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೆ ಖರ್ಚಿಲ್ಲ.

ತಪ್ಪು ಕಲ್ಪನೆ 8: ಸೀಸದ ಏಪ್ರನ್ ಹೊದಿಸದೆ ಎಕ್ಸ್‌ರೇ ತೆಗೆದರೆ ಮೋಸ.

ವಾಸ್ತವ: ಹಿಂದೆ ಹೊದಿಸುತ್ತಿದ್ದರು. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ, ರೋಗಿಗೆ ವಾಡಿಕೆಯಾಗಿ ಸೀಸ ಹೊದಿಸುವುದನ್ನು ಬಿಡಿ ಎಂದಿತು. ಹೊದಿಕೆ ಸರಿದು ನೋಡಬೇಕಾದ ಜಾಗವನ್ನೇ ಮುಚ್ಚಿದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ಕೆಲವು ಯಂತ್ರಗಳು ಸೀಸ ಕಂಡು ತಾವಾಗಿಯೇ ವಿಕಿರಣ ಹೆಚ್ಚಿಸುತ್ತವೆ. ನೋಡಬೇಕಾದದ್ದು ಮೈಮೇಲೆ ಬೀಳುವ ಬೆಳಕಿನ ಚೌಕವನ್ನು. ಕಿರಣ ಬೀಳುವುದು ಅಷ್ಟೇ ಜಾಗಕ್ಕೆ. ಮುಂಗೈ ಚಿತ್ರಕ್ಕೆ ಚೌಕ ಮುಂಗೈಯಷ್ಟೇ ಇದ್ದರೆ ಕೆಲಸ ಸರಿಯಾಗಿದೆ. ಹೊಟ್ಟೆಯವರೆಗೂ ಹರಡಿದ್ದರೆ ಕೇಳಿ. ಮಗುವನ್ನು ಹಿಡಿದುಕೊಂಡು ನಿಲ್ಲುವವರಿಗೆ ಮಾತ್ರ ಏಪ್ರನ್ ಬೇಕೇ ಬೇಕು.

ತಪ್ಪು ಕಲ್ಪನೆ 9: ಡಿಜಿಟಲ್ ಎಕ್ಸ್‌ರೇಯಲ್ಲಿ ವಿಕಿರಣ ಇಲ್ಲ.

ವಾಸ್ತವ: ಇದೆ. ಫಿಲಂ ಬದಲು ಕಂಪ್ಯೂಟರ್ ಬಂದಿದೆ, ಕಿರಣ ಅದೇ. ಹಳೆಯ ಫಿಲಂನಲ್ಲಿ ವಿಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹೆಚ್ಚಾದರೂ ಚಿತ್ರ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳದು. ಬಳಸುವವರ ಶಿಸ್ತು ಇದ್ದರೆ ಮಾತ್ರ ಡಿಜಿಟಲ್‌ನಿಂದ ವಿಕಿರಣ ಉಳಿತಾಯ.

ತಪ್ಪು ಕಲ್ಪನೆ 10: ಕೈಯಿಂದ ಮುಟ್ಟಿ ನೋಡುವವರಿದ್ದರೆ ಮುರಿತಕ್ಕೆ ಎಕ್ಸ್‌ರೇ ಬೇಕಿಲ್ಲ.

ವಾಸ್ತವ: ನಾಟಿ ವೈದ್ಯರಲ್ಲಿ ಕೆಲವರ ಕೈಗುಣ ದೊಡ್ಡದು. ಮೂಳೆ ಕೂಡಿಸುವ ಪುತ್ತೂರು ಕಟ್ಟಿಗೆ ಇಲ್ಲಿಂದಲೂ ಜನ ಹೋಗುತ್ತಾರೆ, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಬೆರಳಿಗೆ ಗೊತ್ತಾಗುವುದು ಹೊರಗಿನ ಉಬ್ಬುತಗ್ಗು. ಮುರಿತ ಕೀಲಿನೊಳಗೆ ಹೋಗಿದೆಯೇ, ಚೂರಾಗಿದೆಯೇ, ಮಗುವಿನ ಮೂಳೆ ಬೆಳೆಯುವ ತುದಿಗೆ ಪೆಟ್ಟಾಗಿದೆಯೇ ಎಂಬುದು ಬೆರಳಿಗೆ ಕಾಣದು. ಎಲ್ಲಿ ಕಟ್ಟಿಸಿಕೊಂಡರೂ ಕಟ್ಟುವ ಮೊದಲು ಒಂದು ಚಿತ್ರ ತೆಗೆಸಿ. ಕಟ್ಟು ಬಿಗಿಯಾಗಿ ಬೆರಳು ತಣ್ಣಗಾದರೆ, ಜೋಮು ಹಿಡಿದರೆ ತಡಮಾಡದೆ ಬಿಚ್ಚಿಸಿ ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ 11: ಎಕ್ಸ್‌ರೇ ಇಷ್ಟು ಸುರಕ್ಷಿತವಾದರೆ ನೋವು ಬಂದಾಗಲೆಲ್ಲ ತೆಗೆಸಬಹುದು.

ವಾಸ್ತವ: ಮೇಲಿನದ್ದನ್ನೆಲ್ಲ ಓದಿ ಹೀಗೆ ತಿಳಿದರೆ ಅದು ಇನ್ನೊಂದು ತುದಿಯ ತಪ್ಪು. ಸಣ್ಣ ಅಪಾಯವೂ ಅಪಾಯವೇ, ಲಾಭವಿಲ್ಲದಿದ್ದರೆ ಅಷ್ಟನ್ನೂ ಯಾಕೆ ಹೊರಬೇಕು? ಮಕ್ಕಳ ವಿಷಯದಲ್ಲಂತೂ ಇನ್ನೂ ಬಿಗಿಯಾಗಿರಬೇಕು. ಬೆಳೆಯುವ ದೇಹಕ್ಕೆ ವಿಕಿರಣ ಹೆಚ್ಚು ನಾಟುತ್ತದೆ, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು.

ನಮ್ಮ ಸೀಮೆಯಲ್ಲಿ ಸೊಂಟ ಹಿಡಿದವರು, ಮಂಡಿ ಬಗ್ಗದವರು ಬಹಳ. ಒಂದು ಕಾರಣ ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಗಡುಸಾಗುತ್ತದೆ. ಇದನ್ನು ಹಿಡಿಯಲು ಮುಂಗೈಯ ಎಕ್ಸ್‌ರೇ ಬಹಳ ಉಪಯುಕ್ತ. ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದು ಅದರಲ್ಲಿ ಕಾಣುತ್ತದೆ. ಅಷ್ಟು ಗೊತ್ತಾದ ಮೇಲೆ ಊರೂರು ತಿರುಗಿ ಸೊಂಟದ ಚಿತ್ರದ ಮೇಲೆ ಚಿತ್ರ ತೆಗೆಸಿದರೆ ಏನೂ ಬದಲಾಗದು. ಒಂದೊಂದು ಸೊಂಟದ ಚಿತ್ರವೂ ಎದೆಯ 75 ಚಿತ್ರಗಳಿಗೆ ಸಮ. ಬದಲಾಗಬೇಕಾದದ್ದು ಕೊಡದ ನೀರು.

ಹಳೆಯ ಫಿಲಂ ಮನೆಯಲ್ಲಿ ಮರೆತು ಬಂದದ್ದಕ್ಕೇ ಮತ್ತೆ ತೆಗೆಸುವವರು ಎಷ್ಟೋ ಮಂದಿ. ಫಿಲಂನ ಕವರನ್ನು ಮಡಚದೆ, ಬಿಸಿಲಿಗಿಡದೆ, ತಾರೀಖು ಬರೆದು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಆಸ್ಪತ್ರೆಗೆ ಹೊರಡುವಾಗ ಅದು ಕೈಯಲ್ಲಿರಲಿ.

ಇನ್ನು ಮುಂದೆ ಎಕ್ಸ್‌ರೇ ಚೀಟಿ ಕೈಗೆ ಬಂದಾಗ ಬೇಡ ಎನ್ನುವ ಮೊದಲು, ಬೇಕು ಎಂದು ಹಟ ಹಿಡಿಯುವ ಮೊದಲು ಡಾಕ್ಟರಿಗೆ ಮೂರು ಪ್ರಶ್ನೆ ಕೇಳೋಣ. ಈ ಚಿತ್ರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಹಳೆಯ ಚಿತ್ರ ಸಾಲದೇ? ವಿಕಿರಣವಿಲ್ಲದ ಪರೀಕ್ಷೆಯಿಂದ ಇದು ತಿಳಿಯುವುದೇ? ಉತ್ತರ ಸರಿಯೆನಿಸಿದರೆ ನಿಶ್ಚಿಂತೆಯಿಂದ ತೆಗೆಸೋಣ.

ಚಿಕ್ಕಮ್ಮನ ಮುಂಗೈ ಇವತ್ತಿಗೂ ಪೂರ್ತಿ ತಿರುಗುವುದಿಲ್ಲ. ಶೇಂಗಾ ಗಿಡವನ್ನು ಎಡಗೈಯಲ್ಲೇ ಕೀಳುತ್ತಾರೆ. ಅವರು ಹೆದರಿದ ಆ ಎಕ್ಸ್‌ರೇಯಲ್ಲಿ ಇದ್ದದ್ದು, ಅದೇ ಹೊಲದಲ್ಲಿ ಸುಮಾರು ನಾಲ್ಕು ಗಂಟೆ ನಿಂತರೆ ತಗಲುವಷ್ಟು ವಿಕಿರಣ.